ಕಾಶಿಬಾಯಿಯ ಮೂಗಿನ ಬೇವಿನ ಕಡ್ಡಿ

ಕಾಶಿಬಾಯಿ ದಿನಾ ಬೆಳಿಗ್ಗೆ ಜಳಕ ಮುಗಿಸಿ, ದೇವರ ಮುಂದೆ ದೀಪ ಹಚ್ಚುವುದಕ್ಕಿಂತ ಮೊದಲು, ಅಂಗಳದ ಬೇವಿನ ಗಿಡದಿಂದ ಒಂದು ಎಸಳು ಮುರಿದುಕೊಳ್ಳುತ್ತಾಳೆ. ಎಲೆಗಳನ್ನು ಕಿತ್ತು, ಉಳಿದ ಕಡ್ಡಿಯನ್ನು ಉಗುರಿನಿಂದ ಕೆರೆದು ನಯ ಮಾಡಿ, ಬೆರಳಿನ ಒಂದು ಗೆಣ್ಣಿನಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಗಿಡದ ಬುಡಕ್ಕೇ ಹಾಕುತ್ತಾಳೆ. ಮೂಗಿನ ಎಡಗಡೆಯ ತೂತಿನಲ್ಲಿರುವ ನಿನ್ನೆಯ ಕಡ್ಡಿ ತೆಗೆದು ಹೊಸದನ್ನು ಸೇರಿಸುತ್ತಾಳೆ. ಕನ್ನಡಿ ಬೇಕಾಗುವುದಿಲ್ಲ. ಕೈ ಆ ಕೆಲಸ ಮಾಡುವಾಗ ತುಟಿಗಳು ಮೆಲ್ಲಗೆ ಅಲುಗುತ್ತಿರುತ್ತವೆ.

ತಿಕೋಟಾದಲ್ಲಿ ನಮ್ಮ ಮನೆಯೂ ಅವರ ಮನೆಯೂ ಎದುರುಬದುರು. ಬಹಳ ವರ್ಷ ಅವಳು ಯಾವುದೋ ಸ್ತೋತ್ರ ಹೇಳಿಕೊಳ್ಳುತ್ತಾಳೆ ಎಂದೇ ತಿಳಿದಿದ್ದೆ. ದೇವರ ನಾಮ ಹೇಳುವವರನ್ನು ನಡುವೆ ತಡೆದು ಏನೆಂದು ಕೇಳಬಾರದು ಎಂದು ಸುಮ್ಮನಿದ್ದೆ. ಒಮ್ಮೆ ಸೋಮವಾರ ಗುಡಿಗೆ ಹೋಗಲು ನಾನು ಅವಳನ್ನು ಕರೆಯಹೋದಾಗ ಹತ್ತಿರದಿಂದ ಕೇಳಿತು. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು. ಅದು ಮಗ್ಗಿ.

ಅವಳಿಗೆ ಮೂಗುಬೊಟ್ಟು ಇಲ್ಲವೆಂದಲ್ಲ. ಮದುವೆಯಲ್ಲಿ ಅತ್ತೆಮನೆಯವರು ಇಟ್ಟ ಬಂಗಾರದ್ದು ಇದೆ. ವಾರ ತುಂಬುವುದರೊಳಗೆ ತೆಗೆದು ಡಬ್ಬಿಗೆ ಹಾಕಿ, ಬಂಗಾರ ಹಾಕಿದರೆ ಕೀವಾಗುತ್ತದೆ ಎಂದು ಹೇಳಿದ್ದಳಂತೆ. ಅತ್ತೆ ಬದುಕಿರುವವರೆಗೂ ಆ ಕಡ್ಡಿಯನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದರು. ಈಗ ಕಾಶಿಬಾಯಿಯ ಸೊಸೆ ಶೈಲಾ ನಗುತ್ತಾಳೆ.

"ಅತ್ತಿ, ಮೂಗಿನ್ಯಾಗ ಗಿಡಾ ಹಚ್ಚೀರಿ, ಛಲೋ ಆತು. ಇನ್ನೊಂದೀಟ ನೀರ ಹಾಕ್ರಿ, ಮುಂದಿನ ಬ್ಯಾಸಗಿಗಿ ನೆಳ್ಳ ಬೀಳ್ತೈತಿ," ಎನ್ನುತ್ತಾಳೆ.

"ಬಿದ್ರ ನಿನಗ ಬೀಳ್ತೈತಿ ತಗೋ. ಕೆಲಸ ಮಾಡೂದು ಬಿಟ್ಟ ಅಲ್ಲೇ ಮಲಗೀಯಂತ," ಎಂದು ಕಾಶಿಬಾಯಿ ಕೆಲಸಕ್ಕೆ ಹೊರಡುತ್ತಾಳೆ. ಅವಳದು ಒಣದ್ರಾಕ್ಷಿ ಆರಿಸುವ ಕೆಲಸ. ದ್ರಾಕ್ಷಿ ತೋಟಗಳಿಂದ ಒಣಗಿ ಬಂದದ್ದನ್ನು ದೊಡ್ಡ ಮೇಜಿನ ಮೇಲೆ ಹರವಿ, ಕಡ್ಡಿ, ಕಪ್ಪುಕಾಳು ತೆಗೆಯುವುದು. ಗಂಡ ಅದೇ ಮಾಲೀಕರ ತೋಟದಲ್ಲಿ ನೀರು ಬಿಡುತ್ತಾನೆ.

ಹೋದ ಬೇಸಿಗೆಯಲ್ಲಿ, ಆರಿಸುವ ಕೆಲಸ ಇನ್ನೇನು ಮುಗಿಯಬೇಕು ಎನ್ನುವಾಗ, ಮರೆಪ್ಪ ಬಂದ. ಬಬಲೇಶ್ವರದ ಆಚೆಗಿರುವ ಅವಳ ತವರೂರಿನವನು, ಚಿಕ್ಕಂದಿನಲ್ಲಿ ಒಂದೇ ವರ್ಗದಲ್ಲಿ ಕೂತವನು. ಈಗ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ನಾನೂ ಆಗ ಅಲ್ಲೇ ಅವರ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದೆ.

"ಏ ಕಾಶಿ, ನಮ್ಮ ಸಾಲ್ಯಾಗ ಗುರುವಂದನಾ ಇಟ್ಟೀವಿ. ಶಂಕ್ರೆಪ್ಪ ಸರ್‌ನ ಕರಸಾಕತ್ತೀವಿ. ಹಳೇ ಹುಡುಗೂರೆಲ್ಲಾ ಬರಾಕತ್ತಾರ. ನೀ ಬರಬೇಕ ನೋಡ," ಅಂದ.

"ನಾಲ್ಕನೇತ್ತಕ್ಕ ಸಾಲಿ ಬಿಟ್ಟಾಕಿ ನಾ. ನನಗೆಲ್ಲೀ ಗುರುವಂದನಾ ಹಚ್ಚೀಯೋ?"

"ಬಿಟ್ಟಾಕಿ ಆದ್ರೇನಾತು? ಹೊಡಿಸ್ಕೊಂಡಾಕಿ ಹೌದಿಲ್ಲೋ?"

"ಹೊಡಿಸ್ಕೊಳ್ಳೂದ್ರಾಗ ನಿನ್ನ ಮುಂದ ಯಾರದಾರ ಲೇ ಮರ್ಯಾ? ಊರ ಹುಡುಗೂರೆಲ್ಲಾ ಹಿಡದ ಹಿಡದ ನಿನ್ನ ಮೂಗ ಹೆಂಗ ಉದ್ದ ಆಗೇತಿ ನೋಡ."

ಮರೆಪ್ಪ ಮೂಗು ಸವರಿಕೊಂಡ. "ಅದಕ್ಕ ಮತ್ತ, ಯಾರ ಮನ್ಯಾಗ ಏನ ಅಡಗಿ ಮಾಡ್ಯಾರ ಅಂತ ಗಿರಣ್ಯಾಗ ಕುಂತಲ್ಲೇ ತಿಳೀತೈತಿ ನನಗ. ಇವತ್ತ ನಿಮ್ಮನ್ಯಾಗ ಝುಣಕಾ."

ಇಬ್ಬರೂ ನಕ್ಕರು. ನಗು ಇನ್ನೂ ಮುಖದಲ್ಲಿ ಇರುವಾಗಲೇ ಕಾಶಿಬಾಯಿ ಕೇಳಿದಳು, "ಮುಮತಾಜ ಬರ್ತಾಳೇನ?"

"ಯಾವ ಮುಮತಾಜ? ಬಳಿಗಾರ ಲಾಡಲೇಸಾಬನ ಮಗಳಾ? ಅವ್ರು ಊರ ಬಿಟ್ಟ ಎಷ್ಟ ಕಾಲ ಆತು! ಸೊಲ್ಲಾಪುರಕ್ಕ ಕೊಟ್ಟಾರ ಅಂತ ಕೇಳಿದ್ದೆ. ಹೇಳಕ್ಕಾಗೂದಿಲ್ಲ, ಸುದ್ದಿ ಮುಟ್ಟಿದ್ರ ಬಂದ್ರೂ ಬರಬಹುದು."

ಮರೆಪ್ಪ ಚಹಾ ಕುಡಿದು ಹೋದ. ಕಾಶಿಬಾಯಿ ಬಟ್ಟಲು ತೊಳೆಯದೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು. ಆ ಮಧ್ಯಾಹ್ನ ಎಲ್ಲವನ್ನೂ ಅವಳೇ ಹೇಳಿದಳು.

ಆ ಊರಲ್ಲಿ ಅವರಿಬ್ಬರ ಮನೆಗಳ ನಡುವೆ ಒಂದು ಗೋಡೆ ಮಾತ್ರ ಇತ್ತು. ಲಾಡಲೇಸಾಬ ಬಳೆಯ ಮಲಾರ ಹೊತ್ತು ಹಳ್ಳಿ ತಿರುಗುವವನು. ಅವನ ಮಗಳು ಮುಮತಾಜಳೂ ಕಾಶಿಯೂ ಶಾಲೆಗೆ ಜೊತೆಯಲ್ಲಿ ಹೋಗುವುದು, ಒಂದೇ ಗೋಣಿತಟ್ಟಿನ ಮೇಲೆ ಕೂರುವುದು, ರೊಟ್ಟಿ ಹಂಚಿ ತಿನ್ನುವುದು. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಇಬ್ಬರಿಗೂ ಒಂದೇ ದಿನ ಮೂಗು ಚುಚ್ಚಿಸಿದರು. ಅಕ್ಕಸಾಲಿಗ ಪತ್ತಾರ ಗುಡಿಯ ಕಟ್ಟೆಯ ಮೇಲೆ ಸೂಜಿ ಹಿಡಿದು ಕೂತಿದ್ದ. ಕಾಶಿ ಹೆದರಿ ತಾಯಿ ಗುರುಸಿದ್ದವ್ವನ ಸೆರಗಿನ ಹಿಂದೆ ಹೊಕ್ಕಳು. ಮುಮತಾಜ ಮುಂದೆ ಹೋಗಿ ಕೂತು ಚುಚ್ಚಿಸಿಕೊಂಡಳು.

"ನೋವಾತೇನ?" ಎಂದು ಕಾಶಿ ಕೇಳಿದಳು.

ಮುಮತಾಜಳ ಕಣ್ಣಲ್ಲಿ ನೀರು ತುಂಬಿ ನಿಂತಿತ್ತು. "ಇಲ್ಲ ಬೇ, ಇರಿವಿ ಕಚ್ಚಿದಂಗ ಅಷ್ಟ," ಅಂದಳು.

ಆ ಮಾತು ನಂಬಿ ಕಾಶಿ ಹೋಗಿ ಕೂತಳು. ಸೂಜಿ ಹೊಕ್ಕಾಗ ಅವಳ ಕೂಗು ಊರ ಅಗಸೆಬಾಗಿಲಿಗೆ ಕೇಳಿತಂತೆ. "ಸುಳ್ಳಿ! ಸುಳ್ಳಿ!" ಎಂದು ಅಳುತ್ತ ಗೆಳತಿಯ ಬೆನ್ನಿಗೆ ಗುದ್ದಿದಳು. ಗುದ್ದುತ್ತ ನಕ್ಕಳು. ಪತ್ತಾರ ಇಬ್ಬರ ಮೂಗಿಗೂ ಬೇವಿನ ಕಡ್ಡಿ ಸೇರಿಸಿದ್ದನ್ನು ನೋಡಿದ ಲಾಡಲೇಸಾಬ, "ಗಾಯ ಮಾಯಲಿ, ಬಿಜಾಪುರದಿಂದ ಇಬ್ಬರಿಗೂ ಒಂದೇ ನಮೂನಿ ಬಿಳಿ ಹಳ್ಳಿನ ಮೂಗಬಟ್ಟ ತರ್ತೀನಿ. ಒಂದೇ ದಿನಾ ಹಾಕ್ಕೋಬೇಕ ಮತ್ತ," ಅಂದ. ಹರಳು ಹೇಗೆ ಹೊಳೆಯಬಹುದು ಎಂದು ಎರಡು ದಿನ ಅವರಿಗೆ ಬೇರೆ ಮಾತೇ ಇರಲಿಲ್ಲ.

ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಆಗ ಬಹಳ ಕಡೆ ಇತ್ತು. ಮಾಸ್ತರು ಕೇಳಿದ್ದಕ್ಕೆ ಉತ್ತರ ಬಾರದವರು ನಿಂತೇ ಇರಬೇಕು. ಉತ್ತರ ಹೇಳಿದವರು ಎದ್ದು ಬಂದು, ನಿಂತವರ ಮೂಗನ್ನು ಎಡಗೈಯಿಂದ ಹಿಡಿದು, ಬಲಗೈಯಿಂದ ಕೆನ್ನೆಗೆ ಹೊಡೆಯಬೇಕು. ಶಂಕ್ರೆಪ್ಪ ಮಾಸ್ತರು ಕೆಟ್ಟವರಾಗಿರಲಿಲ್ಲ. ಬಬಲೇಶ್ವರದಿಂದ ಸೈಕಲ್ಲಿನ ಮೇಲೆ ಬರುವಾಗ ಪೇರಲಹಣ್ಣು ತಂದು ಹೋಳು ಮಾಡಿ ಹಂಚುತ್ತಿದ್ದರು. ಕಾಶಿಯ ಅಕ್ಷರ ಗುಂಡಗಿವೆ ಎಂದು ಪಾಟಿಯನ್ನು ಎಲ್ಲರಿಗೂ ಎತ್ತಿ ತೋರಿಸಿದ್ದರು. ಆ ಪಾಟಿ ಅಳಿಸಲು ಮನಸ್ಸಾಗದೆ ಅವಳು ಮನೆಯವರೆಗೂ ಹಾಗೇ ಹಿಡಿದುಕೊಂಡು ಹೋಗಿದ್ದಳು.

ಮೂಗು ಚುಚ್ಚಿಸಿದ ಮೂರನೆಯ ದಿನ ಮಾಸ್ತರು ಹದಿಮೂರರ ಮಗ್ಗಿ ಕೇಳಿದರು. ಕಾಶಿಗೆ ಬರುತ್ತಿತ್ತು. ಆದರೆ ಮೂಗು ಬಾತು, ಮಾತಾಡಿದರೆ ದನಿ ಗೊಣಗೊಣ ಎನ್ನುತ್ತಿತ್ತು. ಬೆಳಗಿನಿಂದ ಮರೆಪ್ಪನೂ ಅವನ ಜೊತೆಯವರೂ ಅಣಕಿಸಿ ಅಣಕಿಸಿ ಸಾಕು ಮಾಡಿದ್ದರು. ಬಾಯಿ ತೆರೆದರೆ ಎಲ್ಲರೂ ನಗುತ್ತಾರೆ ಎಂದು ಅವಳು ಸುಮ್ಮನೆ ನಿಂತಳು. ಮುಮತಾಜ ಎದ್ದು ಮಗ್ಗಿ ಹೇಳಿಬಿಟ್ಟಳು. ಹೇಳಿ ಮುಗಿಸಿದ ಮೇಲೆ ಮುಂದೇನು ಬರುತ್ತದೆ ಎನ್ನುವುದು ಅವಳಿಗೆ ಹೊಳೆಯಿತು.

"ಹೂಂ, ಹಿಡಿ ಮೂಗ," ಅಂದರು ಮಾಸ್ತರು.

ಮುಮತಾಜ ಹತ್ತಿರ ಬಂದಳು. ಕಡ್ಡಿಗೆ ತಾಗದಂತೆ ಎರಡು ಬೆರಳಿನಿಂದ ಮೂಗಿನ ತುದಿ ಮುಟ್ಟಿದಳು. ಕೆನ್ನೆಗೆ ಕೈ ತಾಗಿಸಿ ತೆಗೆದಳು. ಕಾಶಿಗೆ ಕಚಗುಳಿ ಇಟ್ಟಂತಾಗಿ ನಗು ಬಂತು. ಅವಳು ನಕ್ಕಳೆಂದು ಮುಮತಾಜಳೂ ನಕ್ಕಳು.

"ಆ ನಗೀನ ಕಡೀದು ನೋಡವ್ವಾ. ಅದರ ಮ್ಯಾಲೆ ನಾವಿಬ್ಬರೂ ಕೂಡಿ ನಕ್ಕಿಲ್ಲ," ಎಂದು ಇಲ್ಲಿಗೆ ಬಂದಾಗ ಕಾಶಿಬಾಯಿ ಹೇಳಿದಳು. ಆಗ ಬಟ್ಟಲನ್ನು ಕೆಳಗಿಟ್ಟಳು.

ಮಾಸ್ತರಿಗೆ ಸಿಟ್ಟು ಬಂತು. "ಆಟಾ ಆಡಾಕತ್ತೀರೇನ? ಹೆಂಗ ಹೊಡಿಬೇಕ ಅಂತ ನಾ ತೋರಸ್ತೀನಿ," ಎಂದು ಮುಮತಾಜಳ ಕೆನ್ನೆಗೆ ಬಾರಿಸಿದರು. ಲಾಡಲೇಸಾಬ ಮಗಳನ್ನು ಒಂದು ದಿನವೂ ಹೊಡೆದವನಲ್ಲ. ಅವಳು ಅಳಲಿಲ್ಲ. ಬೆಪ್ಪಾಗಿ ನಿಂತಳು. "ಈಗ ಹಿಡಿ," ಅಂದರು. ಹೆದರಿದ ಕೈ ಎಲ್ಲಿ ಹಿಡಿಯುತ್ತಿದ್ದೇನೆಂದು ನೋಡಲಿಲ್ಲ. ಕಡ್ಡಿ ಮುರಿಯಿತು. ಹೊಡೆದ ಏಟಿಗೆ ಮುರಿದ ತುಂಡು ಸರಕ್ಕನೆ ಎಳೆದುಕೊಂಡು ಬಂತು. ರಕ್ತ ತುಟಿಯ ಮೇಲೆ ಇಳಿಯಿತು. ಮಾಸ್ತರು ಆಗಲೇ ಬೋರ್ಡಿನ ಕಡೆ ತಿರುಗಿದ್ದರು.

ಸಂಜೆ ಗುರುಸಿದ್ದವ್ವ ಅರಿಶಿನ ಎಣ್ಣೆ ಹಚ್ಚಿ, ಹೊಸ ಕಡ್ಡಿ ಸೇರಿಸುತ್ತ, ಯಾರು ಹೀಗೆ ಮಾಡಿದರು ಎಂದು ಕೇಳಿದಳು. ಬಾಗಿಲಿಗೆ ಬಡಿದುಕೊಂಡೆ ಎಂದಳು ಕಾಶಿ.

ಮರುದಿನದಿಂದ ಮುಮತಾಜ ಬೇರೆ ಸಾಲಿನಲ್ಲಿ ಕೂತಳು. ಕರೆದರೆ ನೆಲ ನೋಡುತ್ತಿದ್ದಳು. ಗೋಡೆಯ ಆಚೆಯಿಂದ ಅವಳ ದನಿಯೇ ಕೇಳದಂತಾಯಿತು. ಕಾಶಿ ಗೋಡೆಯ ಮೇಲಿಂದ ಕೂಗಿ ಹೇಳಬಹುದಿತ್ತು, ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲಿ ಲಾಡಲೇಸಾಬ ಬಿಜಾಪುರದಲ್ಲಿ ಅಂಗಡಿ ಹಿಡಿದ. ಒಂದು ಮುಂಜಾನೆ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೋಗಿಬಿಟ್ಟರು. ಬಿಳಿ ಹರಳಿನ ಮಾತು ಅಲ್ಲಿಗೇ ನಿಂತಿತು. ಗೋಣಿತಟ್ಟಿನ ಅರ್ಧ ಖಾಲಿ ಬಿದ್ದ ಆ ಶಾಲೆಗೆ ಕಾಶಿ ಆ ವರ್ಷವಷ್ಟೇ ಹೋದಳು.

"ತೂತ ಮುಚ್ಚಿಸ್ಬೇಕಂದ್ರ ಯಾವಾಗೋ ಮುಚ್ಚಿಸ್ತಿದ್ದೆ. ಒಂದೇ ದಿನಾ ಹಾಕ್ಕೋಬೇಕಂತ ಮಾತಾಗಿತ್ತಲ್ಲ," ಅಂದಳು.

ಬಿಜಾಪುರಕ್ಕೆ ಸಂತೆಗೋ ದವಾಖಾನೆಗೋ ಹೋದಾಗಲೆಲ್ಲ ಅವಳು ಪ್ರತಿ ಸಲವೂ ಬೇರೆ ಅಂಗಡಿಯಲ್ಲಿ ಬಳೆ ಇಡಿಸಿಕೊಂಡು ಬರುವುದೇಕೆ ಎಂದು ನನಗೆ ಅಂದು ತಿಳಿಯಿತು. ಬುರ್ಖಾ ತೊಟ್ಟ ಹೆಂಗಸರು ಎದುರಾದರೆ ನಿಂತು ಕಣ್ಣು ನೋಡುತ್ತಿದ್ದಳು. ಶೈಲಾ ಸೀರೆಯ ಸೆರಗು ಜಗ್ಗಿ, "ಅತ್ತಿ, ಹಂಗ ನೋಡಬಾರದ್ರಿ," ಎನ್ನುತ್ತಿದ್ದಳು.

ಗುರುವಂದನೆಯ ದಿನ ನನ್ನನ್ನೂ ಜೊತೆಗೆ ಕರೆದಳು. ಬೆಳಿಗ್ಗೆ ಹೊಸ ಕಡ್ಡಿ ಸೇರಿಸಿ, ದೀಪ ಹಚ್ಚಿ, ದೇವರಿಗೆ ಎಂದಿಗಿಂತ ಹೆಚ್ಚು ಹೊತ್ತು ಕೈ ಮುಗಿದಳು. ಇಳಕಲ್ ಸೀರೆ ಉಟ್ಟಿದ್ದಳು. ಬಬಲೇಶ್ವರದವರೆಗೆ ಬಸ್ಸು, ಅಲ್ಲಿಂದ ಟಂಟಂ ರಿಕ್ಷಾ. ದಾರಿಯುದ್ದಕ್ಕೂ ಒಂದೇ ಮಾತು. "ಗುರುತ ಹಿಡೀತಾಳೇನವ್ವಾ ಅಕಿ? ನಾ ಮುದುಕಿ ಆಗೀನಿ."

"ಅಕಿ ಏನ ಹಂಗೇ ಉಳದಾಳೇನ?" ಅಂದೆ. ಅದಕ್ಕೆ ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಕಾಶಿಬಾಯಿ ಹೆಂಗಸರ ಕಡೆಯ ಕುರ್ಚಿಗಳ ನಡುವೆ ಒಮ್ಮೆ ನಡೆದು ಹೋದಳು, ಇನ್ನೊಮ್ಮೆ ನಡೆದು ಬಂದಳು. ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟು, ಬಂದವರಿಗೆಲ್ಲ "ಬರಾವರದಾರ" ಎಂದು ಹೇಳಿದಳು. ಭಾಷಣಗಳು ಶುರುವಾದವು. ಆ ಕುರ್ಚಿ ಖಾಲಿಯೇ ಇತ್ತು.

ಶಂಕ್ರೆಪ್ಪ ಮಾಸ್ತರು ಈಗ ಬಹಳ ಮುಪ್ಪಾಗಿದ್ದರು. ತಲೆಗೆ ಪಟಗ ಸುತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು. ಸರ್ ಅಂದು ಹೊಡೆದದ್ದಕ್ಕೇ ನಾವು ಇಂದು ಮನುಷ್ಯರಾಗಿದ್ದೇವೆ. ಕೊನೆಗೆ ಮರೆಪ್ಪನನ್ನು ವೇದಿಕೆಗೆ ಎಳೆದು ನಿಲ್ಲಿಸಿ, ಯಾರೋ ಒಬ್ಬ ಅವನ ಮೂಗು ಹಿಡಿದು ಕೆನ್ನೆಗೆ ಹೊಡೆದಂತೆ ಮಾಡಿ ತೋರಿಸಿದ. ಮರೆಪ್ಪ ಅಯ್ಯಯ್ಯೋ ಎಂದು ಕುಣಿದ. ಪೆಂಡಾಲು ನಕ್ಕು ನಕ್ಕು ಬಿದ್ದಿತು. ಮಾಸ್ತರು ಶಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕಾಶಿಬಾಯಿಯ ಕೈ ಮೂಗಿನ ಮೇಲಿತ್ತು. ಅವಳು ಆ ಕೈ ಇಳಿಸಲೇ ಇಲ್ಲ.

ಊಟಕ್ಕೆ ಗೋಧಿ ಹುಗ್ಗಿ ಮಾಡಿದ್ದರು. ಅವಳು ತಿನ್ನಲಿಲ್ಲ. ಮಾಸ್ತರು ಊಟ ಮುಗಿಸಿ ಗಿಡದ ನೆರಳಿನಲ್ಲಿ ಒಬ್ಬರೇ ಕೂತದ್ದನ್ನು ನೋಡಿ ಎದ್ದಳು. ನನ್ನ ಕೈ ಹಿಡಿದುಕೊಂಡೇ ಹೋದಳು. ಕಾಲಿಗೆ ನಮಸ್ಕಾರ ಮಾಡಿದಳು.

"ಯಾರ ಮಗಳವ್ವಾ ನೀ?"

"ಗುರುಸಿದ್ದವ್ವನ ಮಗಳ್ರಿ ಸರ, ಕಾಶಿ. ತಿಕೋಟಾಕ್ಕ ಕೊಟ್ಟಾರ್ರಿ." ತಲೆ ಎತ್ತಿ ಹೇಳಿದಳು, "ಅವತ್ತ ನನಗ ಹದಿಮೂರರ ಮಗ್ಗಿ ಬರ್ತಿತ್ರಿ ಸರ."

ಮಾಸ್ತರಿಗೆ ಏನೂ ತಿಳಿಯಲಿಲ್ಲ. ಅವಳು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ದನಿ ಏರಿಸಲಿಲ್ಲ. ತಪ್ಪು ಯಾರದು ಎಂದೂ ಹೇಳಲಿಲ್ಲ. ಕಡ್ಡಿ ಮುರಿದದ್ದು, ಗೆಳತಿ ನೆಲ ನೋಡಿದ್ದು, ಗಾಡಿ ಹೋದದ್ದು.

"ನಾ ಹಂಗ ಮಾಡಿಸಿದ್ನೇನವ್ವಾ?"

"ದಿನಾ ಮಾಡಿಸ್ತಿದ್ರಿ ಸರ. ಈಗ ವೇದಿಕಿ ಮ್ಯಾಲೆ ಮಾಡಿ ತೋರಿಸಿದ್ರಲ್ಲ, ಹಂಗ."

ಅವರು ಹೆಗಲ ಮೇಲಿನ ಶಾಲು ತೆಗೆದು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು. "ನೆನಪಿಲ್ಲ ನನಗ. ಖರೇನ ನೆನಪಿಲ್ಲ," ಅಂದರು. ಆಮೇಲೆ ತಲೆ ಎತ್ತಿದರು. "ಏನಂದಿ ಅಕಿ ಹೆಸರ? ಮುಮತಾಜ? ಲಾಡಲೇಸಾಬನ ಮಗಳು?"

"ಹೂಂನ್ರಿ."

"ಅಕಿ ಬಿಜಾಪುರದಾಗ ಅದಾಳಲ್ಲ! ಸೊಲ್ಲಾಪುರದಿಂದ ಹೊಳ್ಳಿ ಬಂದಾಳ. ಅಪ್ಪನ ಅಂಗಡಿ ಅಕೀನ ನಡಸ್ತಾಳ. ನಮ್ಮ ಸೊಸಿ ಅಕಿ ಹಂತ್ಯಾಕನ ಬಳಿ ಇಡಿಸ್ಕೋತಾಳ. ಒಮ್ಮಿ ನಾ ಸಂಗಾಟ ಹೋಗಿದ್ದೆ, ಗುರುತ ಹಿಡದ ಸಲಾಮ ಮಾಡಿದ್ಲು, ನಿಮ್ಮ ಸಾಲಿ ಹುಡುಗಿರಿ ಸರ ಅಂದ್ಲು."

ಕಾಶಿಬಾಯಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಭಾಳ ಸಾವಕಾಶ ಬಳಿ ಇಡತಾಳ," ಎಂದು ಮಾಸ್ತರು ಮುಂದುವರಿಸಿದರು. "ಅವಸರ ಇದ್ದವರು ಅಲ್ಲಿ ಹೋಗೂದಿಲ್ಲ ಅಂತಾಳ ನಮ್ಮ ಸೊಸಿ. ಒಂದೊಂದ ಬಳಿ ಏರಿಸಿದಾಗೂ 'ನೋವಾತೇನ್ರಿ?' ಅಂತ ಕೇಳತಾಳಂತ. ಇಲ್ಲ ಅಂದ್ರ ಇನ್ನೊಮ್ಮಿ ಕೇಳತಾಳಂತ. ನಮ್ಮನ್ಯಾಗ ಹುಡುಗೂರು ಅಣಕಸ್ತಾವ. ಚಹಾ ಕೈಯಾಗ ಕೊಟ್ರೂ 'ನೋವಾತೇನ್ರಿ?' ಅಂತಾವ."

ಅವರು ನಗಲು ಹೋಗಿ ನಿಲ್ಲಿಸಿದರು. ಕಾಶಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಇವತ್ತ ಬಾ ಅಂತ ನಾನೂ ಹೇಳಿದ್ದೆ. 'ಕಾಶಿ ಬರ್ತಾಳೇನ್ರಿ?' ಅಂದ್ಲು. ಯಾವ ಕಾಶಿವ್ವಾ ಅಂದೆ ನಾ. ಆಮ್ಯಾಲೆ ಅಂಗಡಿ ಬಿಟ್ಟ ಬರಾಕ ಆಗೂದಿಲ್ರಿ ಸರ ಅಂದ್ಲು."

ಗಿಡದ ಮೇಲೆ ಗುಬ್ಬಿಗಳು ಗದ್ದಲ ಮಾಡುತ್ತಿದ್ದವು. ಪೆಂಡಾಲಿನವರು ಕುರ್ಚಿ ಮಡಿಸಿ ಒಂದರ ಮೇಲೊಂದು ಒಟ್ಟುತ್ತಿದ್ದರು. ಕಾಶಿಬಾಯಿ ಬಾಯಿಂದ ಸೆರಗು ತೆಗೆದು ಕೇಳಿದಳು, "ಸರ, ಅಕಿ ಮೂಗಿನ್ಯಾಗ ಏನರ ಹಾಕ್ಕೊಂಡಾಳೇನ್ರಿ?"

"ಅದನ್ನ ನಾ ಹೆಂಗ ನೋಡ್ಲೆವ್ವಾ? ನಾ ಚಷ್ಮಾ ಇಲ್ಲದ ಹೋಗಿದ್ದೆ," ಅಂದರು ಮಾಸ್ತರು. ಅವಳು ಕಣ್ಣೀರಿನ ನಡುವೆಯೇ ಸಣ್ಣಗೆ ನಕ್ಕಳು.

"ಅಂಗಡಿ ಎಲ್ಲೈತಿ ಅಷ್ಟ ಹೇಳ್ರಿ."

ಮಾರ್ಕೆಟ್ಟಿನ ಹಿಂದಿನ ಓಣಿ, ಅತ್ತರಿನ ಅಂಗಡಿ ದಾಟಿದ ಮೇಲೆ, ಮೇಲೆ ಹಸಿರು ತಗಡು ಇರುವುದು ಎಂದು ಅವರು ಹೇಳಿದರು. ಹೇಳುತ್ತಲೇ ಕುರ್ಚಿಯ ಕೈ ಹಿಡಿದು ಎದ್ದರು. ಶಾಲು ಜಾರಿ ಮಣ್ಣಿಗೆ ಬಿತ್ತು. ಕಾಶಿಬಾಯಿ ಎತ್ತಿ, ಕೊಡವಿ ಅವರ ಕೈಗೆ ಕೊಟ್ಟಳು. ದೂರದಲ್ಲಿ ನಿಂತಿದ್ದ ಮಗನಿಗೆ ಸನ್ನೆ ಮಾಡಿ ಕಾರು ತರಲು ಹೇಳಿದರು.

"ನಡಿಯವ್ವಾ. ಈಗ ಹೋಗೂಣು. ನಾವೂ ಬಿಜಾಪುರಕ್ಕನ ಹೊಂಟೀವಿ. ಅಂಗಡಿ ಮುಂದ ಇಳಿಸಿ, ನಾನೂ ನಿನ್ನ ಸಂಗಾಟ ಒಳಗ ಬರ್ತೀನಿ. ತಪ್ಪ ನಂದು ಅಂತ ಅಕಿಗಿ ನಾನ ಹೇಳ್ತೀನಿ. ನೀ ಬಾಯಿ ಬಿಡೂದು ಬ್ಯಾಡ."

ಕಾರು ಬಂದು ನಿಂತಿತು. ಮಗ ಹಿಂದಿನ ಬಾಗಿಲು ತೆರೆದು ಹಿಡಿದ. ಅಂಥ ಬಿಸಿಲಿನಲ್ಲಿ ಆ ಕಾರಿನೊಳಗಿನ ತಂಪು ನಮಗೂ ಬಂದು ತಾಗಿತು. ಕಾಶಿಬಾಯಿ ಇನ್ನೊಮ್ಮೆ ಬಾಗಿ ಮಾಸ್ತರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಎದ್ದು, ಕೈಯ ಹಳೆಯ ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು ಚೀಲಕ್ಕೆ ಹಾಕಿದಳು. ಎರಡು ಮಾತ್ರ ಉಳಿಸಿಕೊಂಡಳು, ಮುತ್ತೈದೆಯ ಕೈ ಬರಿದಾಗಬಾರದೆಂದು.

"ಬ್ಯಾಡ್ರಿ ಸರ," ಅಂದಳು. "ನೀವ ನಿಂತ್ರ ನಾವಿಬ್ಬರೂ ಮತ್ತ ಸಾಲ್ಯಾಗ ನಿಂತಂಗ ಆಗ್ತೈತ್ರಿ. ಬಳಿ ಇಡಿಸ್ಕೊಳ್ಳಾಕ ನಾ ಬಸ್ಸಿಗೆ ಹೋಗ್ತೀನಿ."